ರೋಮಿನ ಒಂದು ಪೌಂಡ್ ಅಂದ್ರೆ ಎಷ್ಟು ಗ್ರಾಂ?

ಕಳೆದ ವರ್ಷ ಒಂದು ಪತ್ರಿಕೆಗೆ ಕರಿಮೆಣಸಿನ ಹಳೆಯ ವ್ಯಾಪಾರದ ಬಗ್ಗೆ ಲೇಖನ ಬರೆದುಕೊಟ್ಟಿದ್ದೆ. ಅದರಲ್ಲಿ ಕ್ರಿ.ಶ. 408ರ ಒಂದು ಪ್ರಸಂಗ ಬರುತ್ತದೆ. ವಿಸಿಗಾತ್ ದೊರೆ ಅಲಾರಿಕ್ ರೋಮ್ ನಗರಕ್ಕೆ ಮುತ್ತಿಗೆ ಹಾಕಿ ಕೂತಿದ್ದಾನೆ. ಊರೊಳಗೆ ಕಾಳು ಮುಗಿದಿದೆ, ಜನ ಹಸಿವಿನಿಂದ ಸಾಯುತ್ತಿದ್ದಾರೆ. ಕೊನೆಗೆ ಸೆನೆಟ್ ಕಡೆಯವರು ಹೋಗಿ ಮಾತಾಡಿದರು. ಮುತ್ತಿಗೆ ತೆಗೆಯೋದಕ್ಕೆ ಕುದುರಿದ ಬೆಲೆಯನ್ನ ಜೋಸಿಮಸ್ ಅನ್ನೋ ಇತಿಹಾಸಕಾರ ಬರೆದಿಟ್ಟಿದ್ದಾನೆ: 5,000 ಪೌಂಡ್ ಚಿನ್ನ, 30,000 ಪೌಂಡ್ ಬೆಳ್ಳಿ, 4,000 ರೇಷ್ಮೆ ಅಂಗಿ, ಕೆಂಪು ಬಣ್ಣ ಹಾಕಿದ 3,000 ತೊಗಲು, ಮತ್ತೆ 3,000 ಪೌಂಡ್ ಮೆಣಸು. ಚಿನ್ನ ಬೆಳ್ಳಿಯ ಪಕ್ಕದಲ್ಲೇ ಮೆಣಸು! ನಮ್ಮ ಪಶ್ಚಿಮ ಕರಾವಳಿಯಿಂದ ಹಡಗು ಹತ್ತಿ ಹೋಗುತ್ತಿದ್ದ ಮೆಣಸು ಒಂದು ಮಹಾನಗರದ ಪ್ರಾಣದ ಬೆಲೆಯಲ್ಲಿ ಸೇರಿಕೊಂಡಿತ್ತು ಅನ್ನೋದು ನನಗೆ ತುಂಬಾ ಹಿಡಿಸಿದ ವಿಷಯ. ಓದುಗರಿಗೆ ಅಂದಾಜು ಸಿಗಲಿ ಅಂತ ಪಕ್ಕದಲ್ಲೇ "ಅಂದರೆ ಸುಮಾರು 1,360 ಕಿಲೋ" ಅಂತ ಬರೆದೆ.

ಲೇಖನ ಬಂದ ಮೂರನೇ ದಿನ ಶಿರಸಿಯಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ. ಅಡಿಕೆ, ಮೆಣಸಿನ ವ್ಯಾಪಾರ ಅವನದ್ದು, ತೂಕದ ವಿಷಯದಲ್ಲಿ ಬಹಳ ಚುರುಕು.

"ಅಣ್ಣಾ, ಲೇಖನ ಓದಿದೆ. 1,360 ಕಿಲೋ ಅಂದ್ರೆ ಐವತ್ತು ಕಿಲೋ ಚೀಲದಲ್ಲಿ ಇಪ್ಪತ್ತೇಳು ಚೀಲ ಆಯ್ತು. ಅವರ ಪೌಂಡೂ ಈಗಿನ ಪೌಂಡೂ ಒಂದೇನಾ? ನಮ್ಮಲ್ಲೇ ಅಜ್ಜನ ಕಾಲದಲ್ಲಿ ಮಣ ಅನ್ನೋದು ಊರಿಗೊಂದು ಥರ ಇತ್ತಲ್ಲ."

ಒಂದೇ ಅಲ್ಲ. ನಾನು ಇಂಗ್ಲಿಷ್ ಅನುವಾದದಲ್ಲಿ 'ಪೌಂಡ್' ಅಂತ ಓದಿ, ಈಗಿನ ಪೌಂಡಿನ 453.6 ಗ್ರಾಂನಿಂದ ಗುಣಿಸಿಬಿಟ್ಟಿದ್ದೆ. ರೋಮನ್ನರ ಪೌಂಡ್ ಅಷ್ಟು ಭಾರ ಇಲ್ಲ, ಅದು 325 ಗ್ರಾಂ ಆಸುಪಾಸು. ಅಂದ್ರೆ ನಾನು ನೂರಕ್ಕೆ ನಲವತ್ತರಷ್ಟು ಜಾಸ್ತಿ ಮೆಣಸು ಬರೆದಿದ್ದೆ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಮಕ್ಕಳಿಗೆ ದಿನಾ "ಮೊದಲು ಮಾನ ನೋಡಿ, ಆಮೇಲೆ ಲೆಕ್ಕ ಮಾಡಿ" ಅಂತ ಹೇಳುತ್ತೇನೆ. ತಪ್ಪು ನಿಜವಾಗಿ ಮನಸ್ಸಿಗೆ ಚುಚ್ಚಿತು. ಆಮೇಲಿನ ಕೆಲವು ತಿಂಗಳು ಬಿಡುವಿದ್ದಾಗಲೆಲ್ಲ ಈ ರೋಮನ್ ತೂಕಗಳ ಬೆನ್ನು ಹತ್ತಿದೆ. ಅದರಲ್ಲಿ ತಿಳಿದದ್ದನ್ನ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರುಗಳು. ರೋಮನ್ನರ ಮೂಲ ತೂಕ ಲಿಬ್ರಾ, ಅವರ ಪೌಂಡ್ ಅಂದ್ರೆ ಇದೇ. ಲ್ಯಾಟಿನ್‌ನಲ್ಲಿ ಲಿಬ್ರಾ ಅಂದ್ರೆ ತಕ್ಕಡಿ ಅಂತಲೂ ಅರ್ಥ. ನಮ್ಮ ತುಲಾ ರಾಶಿಯನ್ನ ಅವರು ಲಿಬ್ರಾ ಅನ್ನೋದು ಅದಕ್ಕೇ. ಒಂದು ಲಿಬ್ರಾಕ್ಕೆ 12 ಉಂಕಿಯಾ. ಒಂದು ಉಂಕಿಯಾಕ್ಕೆ 24 ಸ್ಕ್ರಿಪುಲುಮ್. ಒಂದು ಸ್ಕ್ರಿಪುಲುಮ್‌ಗೆ 6 ಸಿಲಿಕ್ವಾ. ಹಾಗಾಗಿ ಒಂದು ಲಿಬ್ರಾದಲ್ಲಿ 288 ಸ್ಕ್ರಿಪುಲುಮ್, 1,728 ಸಿಲಿಕ್ವಾ. ಉಂಕಿಯಾ ಅನ್ನೋ ಮಾತಿಗೆ ಹನ್ನೆರಡರಲ್ಲಿ ಒಂದು ಪಾಲು ಅಂತ ಅರ್ಥ. ಅದೇ ಮಾತು ಇಂಗ್ಲಿಷಿಗೆ ಹೋಗಿ ತೂಕದಲ್ಲಿ ಔನ್ಸ್ ಆಯಿತು, ಉದ್ದದಲ್ಲಿ ಇಂಚು ಆಯಿತು. ಅಡಿಗೆ 12 ಇಂಚು ಇರೋದು ಇದರಿಂದಲೇ.

ಇಲ್ಲೊಂದು ಸ್ವಾರಸ್ಯ ಇದೆ. ಉಂಕಿಯಾ ಸುಮಾರು 27 ಗ್ರಾಂ, ಈಗಿನ ಔನ್ಸ್ 28.35 ಗ್ರಾಂ. ಎರಡು ಸಾವಿರ ವರ್ಷದಲ್ಲಿ ಅಂಥ ದೊಡ್ಡ ವ್ಯತ್ಯಾಸ ಆಗಲೇ ಇಲ್ಲ. ಪೌಂಡಿಗೆ ಎಷ್ಟು ಔನ್ಸ್ ಅನ್ನೋದು ಬದಲಾಯಿತು ಅಷ್ಟೆ, 12 ಇದ್ದದ್ದು 16 ಆಯಿತು. ನನ್ನ ನಲವತ್ತು ಪರ್ಸೆಂಟ್ ತಪ್ಪಿನ ಬಹುಪಾಲು ಅಲ್ಲಿಂದಲೇ ಬಂದದ್ದು.

ಸರಿ, 325 ಆಸುಪಾಸು ಅಂದೆನಲ್ಲ, ಅದು ಗೊತ್ತಾದದ್ದು ಹೇಗೆ? ರೋಮನ್ನರಿಗೆ ಗ್ರಾಂ ಗೊತ್ತಿರಲಿಲ್ಲ, ನಮಗೆ ಅವರ ಮೂಲ ಬಟ್ಟು ಸಿಕ್ಕಿಲ್ಲ. ಮಧ್ಯದಲ್ಲಿ ಒಂದು ಸೇತುವೆ ಬೇಕು. ನನಗೆ ಅತ್ಯಂತ ಇಷ್ಟವಾದ ಸೇತುವೆ ದ್ರಾಕ್ಷಾರಸದ್ದು. ಸಿಲಿಯಾ ಕಾಯ್ದೆ ಅಂತ ರೋಮ್‌ನಲ್ಲಿ ಒಂದು ಹಳೆಯ ಕಾಯ್ದೆ ಇತ್ತು. ಅದರ ಪ್ರಕಾರ ಒಂದು ಕ್ವಾಡ್ರಂಟಾಲ್ ವೈನ್ 80 ಪೌಂಡ್ ತೂಗಬೇಕು. ಕ್ವಾಡ್ರಂಟಾಲ್ ಅಂದ್ರೆ ಎಲ್ಲ ಕಡೆ ಒಂದೊಂದು ರೋಮನ್ ಅಡಿ ಇರುವ ಘನದ ತುಂಬ ಹಿಡಿಯುವಷ್ಟು. ಅದರ ಎಂಟನೇ ಒಂದು ಪಾಲು ಕಾಂಗಿಯಸ್, ಅದು 10 ಪೌಂಡ್. ಚಕ್ರವರ್ತಿ ವೆಸ್ಪಾಸಿಯನ್ ಕಾಲದ್ದು, ಕ್ರಿ.ಶ. 75ರದ್ದು ಅಂತ ಹೇಳುವ ಕಂಚಿನ ಕಾಂಗಿಯಸ್ ಪಾತ್ರೆಯೊಂದು ಇದೆ. ಕ್ಯಾಪಿಟಲ್ ಬೆಟ್ಟದಲ್ಲಿ ಅಳತೆ ಸರಿ ನೋಡಿದ್ದು, ತೂಕ 10 ಪೌಂಡ್ ಅಂತ ಅದರ ಮೇಲೆ ಕೊರೆದಿದೆ. ಉದ್ದ, ಗಾತ್ರ, ತೂಕ ಮೂರನ್ನೂ ಒಂದೇ ದಾರದಲ್ಲಿ ಕಟ್ಟಿದ್ದಾರೆ ನೋಡಿ. 1790ರ ದಶಕದಲ್ಲಿ ಫ್ರಾನ್ಸಿನವರು ಒಂದು ಘನ ಸೆಂಟಿಮೀಟರ್ ನೀರಿನ ತೂಕಕ್ಕೆ ಗ್ರಾಂ ಅಂತ ಹೆಸರಿಟ್ಟಾಗ ಮಾಡಿದ್ದೂ ಇದೇ ಉಪಾಯ.

ರೋಮನ್ ಅಡಿಯ ಉದ್ದ ನಮಗೆ ಸಾಕಷ್ಟು ಚೆನ್ನಾಗಿ ಗೊತ್ತು, ಅಳತೆಗೋಲುಗಳು ಸಿಕ್ಕಿವೆ, ಕಟ್ಟಡಗಳು ನಿಂತಿವೆ. ಸುಮಾರು 29.6 ಸೆಂಟಿಮೀಟರ್. ಘನ ಮಾಡಿದರೆ 25.93 ಲೀಟರ್. ನೀರಿನ ಲೆಕ್ಕದಲ್ಲಿ 25.93 ಕಿಲೋ. 80ರಿಂದ ಭಾಗಿಸಿದರೆ 324 ಗ್ರಾಂ. ಎಷ್ಟು ಚಂದ ಕೂತಿತು ಅಲ್ವಾ? ನಾನೂ ಮೊದಲ ಸಲ ಈ ಲೆಕ್ಕ ಮಾಡಿದಾಗ ಖುಷಿಯಿಂದ ಎದ್ದು ಕಾಫಿ ಮಾಡಿಕೊಂಡು ಬಂದೆ.

ಕಾಫಿ ಕುಡಿಯುತ್ತಾ ಅಡಿಯ ಉದ್ದವನ್ನ 29.7 ಅಂತ ಹಾಕಿ ನೋಡಿದೆ. ಬರೀ ಒಂದು ಮಿಲಿಮೀಟರ್ ಜಾಸ್ತಿ. ಉತ್ತರ 327.5 ಗ್ರಾಂ ಬಂತು. 29.4 ಹಾಕಿದರೆ 318ಕ್ಕೂ ಸ್ವಲ್ಪ ಕೆಳಗೆ ಇಳಿಯಿತು. ಘನ ಮಾಡುವಾಗ ಸಣ್ಣ ತಪ್ಪು ಮೂರು ಪಟ್ಟು ಆಗುತ್ತದೆ, ಇದನ್ನ ಪ್ರಾಕ್ಟಿಕಲ್ ಲ್ಯಾಬ್‌ನಲ್ಲಿ ಪ್ರತಿ ವರ್ಷ ಹೇಳಿಕೊಡುತ್ತೇನೆ. ಸಾಲದ್ದಕ್ಕೆ ಕಾಯ್ದೆ ಹೇಳಿದ್ದು ವೈನ್ ಬಗ್ಗೆ, ನೀರಿನ ಬಗ್ಗೆ ಅಲ್ಲ. ಸಿಹಿ ಇಲ್ಲದ ವೈನ್ ನೀರಿಗಿಂತ ಒಂದು ಚೂರು ಹಗುರ, ನೂರಕ್ಕೆ ಒಂದರವರೆಗೂ ಕಡಿಮೆ. ಅಲ್ಲೇ ಮೂರು ಗ್ರಾಂ ಆಚೀಚೆ ಆಯಿತು. ಸಿಹಿ ವೈನ್ ಆಗಿದ್ದರೆ ನೀರಿಗಿಂತ ಭಾರ ಇದ್ದೀತು. ಹಾಗಾಗಿ 324 ಅನ್ನೋದು ಚಂದದ ಸಂಖ್ಯೆ ನಿಜ, ಆದರೆ ಕೊನೆಯ ಅಂಕಿಯನ್ನ ಯಾರೂ ಆಣೆ ಮಾಡಿ ಹೇಳೋಕಾಗಲ್ಲ.

ಎರಡನೇ ದಾರಿ ನಾಣ್ಯಗಳದ್ದು. ಕಾನ್‌ಸ್ಟಂಟೈನ್ ಚಕ್ರವರ್ತಿ 4ನೇ ಶತಮಾನದ ಆರಂಭದಲ್ಲಿ ಸಾಲಿಡಸ್ ಅನ್ನೋ ಚಿನ್ನದ ನಾಣ್ಯ ತಂದ. ಒಂದು ಪೌಂಡ್ ಚಿನ್ನಕ್ಕೆ 72 ಸಾಲಿಡಸ್. ಇದು ನಮ್ಮ ಊಹೆ ಅಲ್ಲ, ಕೆಲವು ನಾಣ್ಯಗಳ ಮೇಲೆ 72 ಅನ್ನೋ ಅಂಕೆಯನ್ನೇ ಅಚ್ಚು ಹಾಕಿದ್ದಾರೆ. ಅಂದ್ರೆ ಒಂದು ಒಳ್ಳೆಯ ಸಾಲಿಡಸ್ ತೂಗಿ 72ರಿಂದ ಗುಣಿಸಿದರೆ ಪೌಂಡ್ ಸಿಗಬೇಕು. ಚಿನ್ನಕ್ಕೆ ತುಕ್ಕು ಹಿಡಿಯಲ್ಲ, ಅದು ದೊಡ್ಡ ಅನುಕೂಲ. ನಾಣ್ಯ 4.50 ಗ್ರಾಂ ಇದ್ದರೆ ಪೌಂಡ್ 324. 4.55 ಇದ್ದರೆ 327.6. 4.45 ಇದ್ದರೆ 320.4. ಒಂದು ಗ್ರಾಂನ ಇಪ್ಪತ್ತನೇ ಒಂದು ಪಾಲು, ಕಣ್ಣಿಗೆ ಕಾಣದಷ್ಟು ಚಿನ್ನ, ಪೌಂಡಿಗೆ ಬರುವಷ್ಟರಲ್ಲಿ 3.6 ಗ್ರಾಂ ಆಗಿ ಕೂತಿರುತ್ತದೆ. ನಾಣ್ಯ ಅಂದಮೇಲೆ ಕೈಯಿಂದ ಕೈಗೆ ಹೋಗಿ ಸವೆಯುತ್ತದೆ, ಅಂಚು ಕೆರೆದವರೂ ಇರುತ್ತಾರೆ. ಅಚ್ಚಿನ ಮನೆಯವರು ಒಂದು ಪೌಂಡ್ ಚಿನ್ನ ಕರಗಿಸಿ 72 ನಾಣ್ಯ ಎಣಿಸಿ ಕೊಡುವಾಗ ತಮ್ಮ ಖರ್ಚಿಗೆ ಅಂತ ಒಂದು ಕೂದಲೆಳೆ ಉಳಿಸಿಕೊಂಡಿದ್ದರೂ ನಮಗೆ ತಿಳಿಯಲ್ಲ. ಹಾಗಾಗಿ ನಾಣ್ಯದ ದಾರಿ ಸಾಮಾನ್ಯವಾಗಿ ಕಡಿಮೆ ಕಡೆಗೆ ಜಾರುತ್ತದೆ.

ಮೂರನೆಯದು ನೇರವಾದ ದಾರಿ. ರೋಮನ್ನರ ತೂಕದ ಕಲ್ಲುಗಳು ಎಷ್ಟೋ ಸಿಕ್ಕಿವೆ, ಅದನ್ನೇ ತೂಗಿಬಿಟ್ಟರಾಯಿತಲ್ಲ ಅಂತ ಅನ್ನಿಸುತ್ತದೆ. ಕಪ್ಪು, ಕಡು ಹಸಿರು ಬಣ್ಣದ ನುಣುಪು ಕಲ್ಲುಗಳು, ಮೇಲೆ ಕೆಳಗೆ ಚಪ್ಪಟೆ, ಪಕ್ಕದಲ್ಲಿ ಉಬ್ಬು. ಕೆಲವದರ ಮೇಲೆ ಕ್ವಿಂಟಸ್ ಜೂನಿಯಸ್ ರಸ್ಟಿಕಸ್ ಅನ್ನೋ ನಗರಾಧಿಕಾರಿಯ ಆಜ್ಞೆಯಂತೆ ಸರಿ ನೋಡಿದ್ದು ಅಂತ ಕೊರೆದಿದೆ. 160ರ ದಶಕದಲ್ಲಿ ರೋಮ್ ನಗರದ ಆಡಳಿತ ಅವನ ಕೈಯಲ್ಲಿತ್ತು. ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ಗೆ ತತ್ವಶಾಸ್ತ್ರ ಕಲಿಸಿದ ಗುರುವೂ ಅವನೇ. ಅಷ್ಟು ದೊಡ್ಡ ಮನುಷ್ಯ ಸಂತೆಯ ತೂಕದ ಕಲ್ಲಿಗೆ ತನ್ನ ಹೆಸರು ಕೊಟ್ಟಿದ್ದಾನೆ ಅನ್ನೋದು ನನಗೆ ಬಹಳ ಗೌರವ ತರಿಸಿದ ಸಂಗತಿ. ಇನ್ನು ಕೆಲವು ತೂಕಗಳ ಮೇಲೆ ಕ್ಯಾಸ್ಟರ್ ದೇಗುಲದಲ್ಲಿ ಸರಿ ನೋಡಿದ್ದು ಅಂತ ಇದೆ. ನಮ್ಮಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಅಂಗಡಿಯ ಬಟ್ಟಿಗೆ ಸೀಲು ಹಾಕುತ್ತಾರಲ್ಲ, ಹಾಗೆಯೇ.

ಆದರೆ ಈ ಕಲ್ಲುಗಳನ್ನ ತೂಗಿದರೆ ಒಂದೊಂದು ಒಂದೊಂದು ಲೆಕ್ಕ ಹೇಳುತ್ತದೆ. ಕಲ್ಲಿನ ಅಂಚು ಒಡೆದಿರುತ್ತದೆ. ಕಂಚಿನ ತೂಕಗಳು ಮಣ್ಣಿನಲ್ಲಿ ಕಿಲುಬು ಹಿಡಿದು ಕೆಲವು ಭಾರ ಆಗಿರುತ್ತವೆ, ಕೆಲವು ಹಗುರ ಆಗಿರುತ್ತವೆ. ಮೊದಲಿಂದಲೇ ಸರಿ ಇಲ್ಲದ ಬಟ್ಟುಗಳೂ ಇದ್ದವು. ಸಾಮ್ರಾಜ್ಯ ಅಂದ್ರೆ ಬ್ರಿಟನ್‌ನಿಂದ ಸಿರಿಯಾವರೆಗೆ. ಕ್ರಿ.ಶ. 301ರಲ್ಲಿ ಚಕ್ರವರ್ತಿ ಡಯೊಕ್ಲೀಶಿಯನ್ ಬೆಲೆಗಳಿಗೆ ಮಿತಿ ಹಾಕಿ ಹೊರಡಿಸಿದ ಆಜ್ಞೆಯಲ್ಲಿ ಹಂದಿ ಮಾಂಸಕ್ಕೆ ಪೌಂಡಿಗೆ 12 ಡಿನೇರಿಯಸ್ (ರೋಮನ್ನರ ಹಣ), ದನದ ಮಾಂಸಕ್ಕೆ 8 ಅಂತ ಬರೆಯುವಾಗ 'ಇಟಲಿಯ ಪೌಂಡ್' ಅಂತ ಬಿಡಿಸಿ ಹೇಳಿದ್ದಾರೆ. ಬೇರೆ ಪೌಂಡ್‌ಗಳು ಬಳಕೆಯಲ್ಲಿ ಇಲ್ಲದಿದ್ದರೆ ಹಾಗೆ ಹೇಳುವ ಅಗತ್ಯ ಇರಲಿಲ್ಲ.

ಇಷ್ಟೆಲ್ಲ ಅಲುಗಾಟ ಇದ್ದರೂ ಪುಸ್ತಕಗಳಲ್ಲಿ, ಅಂತರ್ಜಾಲದ ಪಟ್ಟಿಗಳಲ್ಲಿ ಒಂದು ಸಂಖ್ಯೆ ಕಲ್ಲಿನಲ್ಲಿ ಕೊರೆದ ಹಾಗೆ ಕೂತಿದೆ: 327.45 ಗ್ರಾಂ. ಅಷ್ಟು ನಿಖರವಾಗಿ ಯಾರು ಅಳೆದರು ಅಂತ ಹುಡುಕುತ್ತಾ ಹೋದೆ. ಜರ್ಮನಿಯ ವಿದ್ವಾಂಸ ಆಗಸ್ಟ್ ಬ್ಯೋಕ್ 1838ರಲ್ಲಿ ಹಳೆಯ ಕಾಲದ ತೂಕ ಅಳತೆಗಳ ಬಗ್ಗೆ ದೊಡ್ಡ ಕೆಲಸ ಪ್ರಕಟಿಸಿದರು. ಅವರು ರೋಮನ್ ಪೌಂಡಿಗೆ ಕೊಟ್ಟ ಬೆಲೆ 6,165 ಪ್ಯಾರಿಸ್ ಗ್ರೇನ್. ಪ್ಯಾರಿಸ್ ಗ್ರೇನ್ ಅಂದ್ರೆ ಫ್ರಾನ್ಸಿನ ಹಳೆಯ ಸಣ್ಣ ತೂಕ, ಸುಮಾರು 0.0531 ಗ್ರಾಂ. 6,165 ಅನ್ನೋದನ್ನ ಗ್ರಾಂಗೆ ತಿರುಗಿಸಿದರೆ 327.45 ಬರುತ್ತದೆ. ಆ ".45" ಅನ್ನೋದು ಯಾವ ಕಲ್ಲಿನಲ್ಲೂ ಇಲ್ಲ, ಯಾವ ನಾಣ್ಯದಲ್ಲೂ ಇಲ್ಲ. ಒಂದು ಹಳೆಯ ಮಾನದಿಂದ ಇನ್ನೊಂದಕ್ಕೆ ಗುಣಿಸಿದಾಗ ಹುಟ್ಟಿದ ಬಾಲ ಅದು. ಬ್ಯೋಕ್ ಅವರ ಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ, ಆ ಕಾಲದಲ್ಲಿ ಅಷ್ಟು ಸಾಮಗ್ರಿ ಒಟ್ಟು ಮಾಡೋದು ಸುಲಭದ ಮಾತಲ್ಲ. ಆಮೇಲೆ ಬಂದ ಸಂಶೋಧಕರು 322ರಿಂದ 329ರ ನಡುವೆ ಬೇರೆ ಬೇರೆ ಬೆಲೆ ಕೊಟ್ಟಿದ್ದಾರೆ. ಗಣರಾಜ್ಯದ ಕಾಲದ ನಾಣ್ಯಗಳ ಮೇಲೆ ಕೆಲಸ ಮಾಡಿದ ಮೈಕಲ್ ಕ್ರಾಫರ್ಡ್ ಬಳಸಿದ್ದು ಸುಮಾರು 324. ನಾನು ಈಗ ಲೆಕ್ಕಕ್ಕೆ 324 ಹಿಡಿಯುತ್ತೇನೆ, ಬರೆಯುವಾಗ "ಸುಮಾರು 325" ಅಂತ ಬರೆಯುತ್ತೇನೆ. 324ರಲ್ಲಿ ಒಂದು ಸುಖ ಇದೆ: 12ರಿಂದ ಭಾಗಿಸಿದರೆ ಉಂಕಿಯಾ ಸರಿಯಾಗಿ 27 ಗ್ರಾಂ, 288ರಿಂದ ಭಾಗಿಸಿದರೆ ಸ್ಕ್ರಿಪುಲುಮ್ 1.125 ಗ್ರಾಂ, 72ರಿಂದ ಭಾಗಿಸಿದರೆ ಸಾಲಿಡಸ್ 4.5 ಗ್ರಾಂ. ಬಾಯಿಲೆಕ್ಕಕ್ಕೆ ಬಹಳ ಚೆನ್ನ.

ಒಂದು ಉದಾಹರಣೆ ಮಾಡಿ ತೋರಿಸುತ್ತೇನೆ. ರೋಮನ್ನರ ಬೆಳ್ಳಿ ತಟ್ಟೆ ಬಟ್ಟಲುಗಳ ತಳದಲ್ಲಿ ಎಷ್ಟೋ ಸಲ ತೂಕ ಗೀರಿರುತ್ತದೆ, ನಮ್ಮಲ್ಲಿ ಮದುವೆಗೆ ಕೊಟ್ಟ ಪಾತ್ರೆಯ ಮೇಲೆ ಹೆಸರು ಬರೆಸುವ ಹಾಗೆ. 3 ಲಿಬ್ರಾ, 7 ಉಂಕಿಯಾ, 10 ಸ್ಕ್ರಿಪುಲುಮ್ ಅಂತ ಇದೆ ಅಂತ ಇಟ್ಟುಕೊಳ್ಳಿ. ತಕ್ಷಣ ಗ್ರಾಂಗೆ ಓಡಬೇಡಿ. ಮೊದಲು ಎಲ್ಲವನ್ನೂ ಸ್ಕ್ರಿಪುಲುಮ್ ಮಾಡಿ. 3ನ್ನು 288ರಿಂದ ಗುಣಿಸಿದರೆ 864, 7ನ್ನು 24ರಿಂದ ಗುಣಿಸಿದರೆ 168, ಅದಕ್ಕೆ 10 ಸೇರಿಸಿ, ಒಟ್ಟು 1,042. ಇಲ್ಲಿವರೆಗೆ ಎಲ್ಲವೂ ಖಚಿತ, ರೋಮಿನ ವ್ಯಾಪಾರಿಯೇ ಪಕ್ಕದಲ್ಲಿ ಕೂತಿದ್ದರೂ ಹೌದು ಅನ್ನುತ್ತಿದ್ದ. ಕೊನೆಯ ಒಂದೇ ಹೆಜ್ಜೆಯಲ್ಲಿ ಗ್ರಾಂ ಬರಲಿ. 324ರ ಲೆಕ್ಕದಲ್ಲಿ 1,172 ಗ್ರಾಂ, 327.45ರ ಲೆಕ್ಕದಲ್ಲಿ 1,185 ಗ್ರಾಂ. ಅಂದ್ರೆ "ಸುಮಾರು 1.18 ಕಿಲೋ" ಅಂತ ಬರೆದರೆ ಸಾಕು. ಈಗ ಪಾತ್ರೆ ನಿಜವಾಗಿ ಕೈಯಲ್ಲಿದ್ದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಲೆಕ್ಕವನ್ನ ತಿರುಗಿಸಬಹುದು. ಅದನ್ನ ತೂಗಿ, 1,042ರಿಂದ ಭಾಗಿಸಿ, 288ರಿಂದ ಗುಣಿಸಿದರೆ ಆ ಅಕ್ಕಸಾಲಿಗನ ಅಂಗಡಿಯ ಪೌಂಡ್ ಎಷ್ಟಿತ್ತು ಅಂತ ತಿಳಿಯುತ್ತದೆ.

ನನ್ನನ್ನ ಅತ್ಯಂತ ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಔಷಧದ ಲೆಕ್ಕ. ಕ್ರಿ.ಶ. ಮೊದಲನೇ ಶತಮಾನದ ಆರಂಭದಲ್ಲಿ ಬರೆದ ಸೆಲ್ಸಸ್ ತನ್ನ ವೈದ್ಯಗ್ರಂಥದಲ್ಲಿ ಔಷಧಗಳ ಪ್ರಮಾಣವನ್ನ ಡಿನೇರಿಯಸ್ ಲೆಕ್ಕದಲ್ಲಿ ಕೊಡುತ್ತಾನೆ. ಡಿನೇರಿಯಸ್ ಅಂದ್ರೆ ಬೆಳ್ಳಿ ನಾಣ್ಯ, ಆದರೆ ಅದನ್ನೇ ತೂಕದ ಬಟ್ಟಿನ ಹಾಗೆ ಬಳಸುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ಒಂದು ರೂಪಾಯಿ ತೂಕ ಅಂತ ಹೇಳುತ್ತಿದ್ದರಲ್ಲ. ಪೊಂಟಸ್ ರಾಜ ಮಿತ್ರಿಡೇಟ್ಸ್ ವಿಷಕ್ಕೆ ಹೆದರಿ ದಿನಾ ತಗೊಳ್ಳುತ್ತಿದ್ದ ಅನ್ನೋ ಮದ್ದಿನ ಪಟ್ಟಿ ಅದರಲ್ಲಿದೆ. ನಮ್ಮ ಹಿಪ್ಪಲಿಯೂ ಅದರಲ್ಲಿದೆ. ಒಣಗಿದ ಗುಲಾಬಿ ಎಸಳು 4 ಡಿನೇರಿಯಸ್ ತೂಕ. ಅದು ಎಷ್ಟು ಗ್ರಾಂ?

ಡಿನೇರಿಯಸ್ ತೂಕ ಎಷ್ಟು ಅಂತ ಹುಡುಕಿದರೆ ಒಂದು ಕಡೆ 3.4 ಗ್ರಾಂ ಸಿಗುತ್ತದೆ, ಇನ್ನೊಂದು ಕಡೆ 3.9 ಸಿಗುತ್ತದೆ. ಎರಡೂ ಸರಿಯೇ. ಮೊದಲು ಒಂದು ಪೌಂಡ್ ಬೆಳ್ಳಿಗೆ 84 ಡಿನೇರಿಯಸ್ ಅಚ್ಚು ಹಾಕುತ್ತಿದ್ದರು. ಕ್ರಿ.ಶ. 64ರಲ್ಲಿ ಚಕ್ರವರ್ತಿ ನೀರೋ ಅದನ್ನ 96ಕ್ಕೆ ಏರಿಸಿ ನಾಣ್ಯವನ್ನ ಹಗುರ ಮಾಡಿದ. ಸೆಲ್ಸಸ್ ಬರೆದದ್ದು ನೀರೋಗಿಂತ ಮುಂಚೆ. ಅದೃಷ್ಟಕ್ಕೆ ಅವನೇ ಓದುಗರಿಗೆ ಮೊದಲೇ ಹೇಳಿಬಿಟ್ಟಿದ್ದಾನೆ: ಒಂದು ಉಂಕಿಯಾದಲ್ಲಿ 7 ಡಿನೇರಿಯಸ್ ತೂಕ, ಒಂದು ಡಿನೇರಿಯಸ್ ತೂಕವನ್ನ ತಾನು 6 ಪಾಲು ಮಾಡುತ್ತೇನೆ ಅಂತ. 7ನ್ನು 12ರಿಂದ ಗುಣಿಸಿದರೆ 84. ಹಾಗಾಗಿ ಅವನ ಡಿನೇರಿಯಸ್ 3.86 ಗ್ರಾಂ, ಗುಲಾಬಿ ಎಸಳು ಸುಮಾರು 15.4 ಗ್ರಾಂ. ನೀರೋ ಆದಮೇಲಿನ ತೂಕ ಹಾಕಿದ್ದರೆ 13.5 ಗ್ರಾಂ ಬರುತ್ತಿತ್ತು. ಒಬ್ಬ ಲೇಖಕ ತನ್ನ ಮಾನವನ್ನ ತಾನೇ ಎರಡು ಸಾಲಿನಲ್ಲಿ ವಿವರಿಸಿಟ್ಟದ್ದು ಎರಡು ಸಾವಿರ ವರ್ಷದ ನಂತರ ನನ್ನಂಥವನ ಕೈ ಹಿಡಿಯಿತು. ಪ್ರಯೋಗದ ರೆಕಾರ್ಡ್ ಬುಕ್ಕಿನಲ್ಲಿ ಮಾನ ಬರೆಯದ ಮಕ್ಕಳಿಗೆ ಈಗ ಸೆಲ್ಸಸ್ ಕತೆ ಹೇಳುತ್ತೇನೆ.

ಕ್ಲಾಸಿನಲ್ಲಿ ಇದನ್ನ ಹೇಳಿದಾಗ ಒಬ್ಬ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು. "ಸರ್, ತೂಕ ಅಂದ್ರೆ ಬಲ ಅಲ್ವಾ? ಹಾಗಿದ್ರೆ ಲಿಬ್ರಾನ ನ್ಯೂಟನ್‌ಗೆ ತಿರುಗಿಸಬೇಕಲ್ವಾ, ಗ್ರಾಂಗೆ ಯಾಕೆ?" ಪಠ್ಯದಲ್ಲಿ ದ್ರವ್ಯರಾಶಿ ಬೇರೆ, ತೂಕ ಬೇರೆ ಅಂತ ಕಲಿಸುತ್ತೇವೆ, ಅವಳು ಕೇಳಿದ್ದು ಸರಿ. ಉತ್ತರ ತಕ್ಕಡಿಯಲ್ಲಿದೆ. ರೋಮನ್ನರು ತೂಗಿದ್ದು ಎರಡು ತಟ್ಟೆಯ ತಕ್ಕಡಿಯಲ್ಲಿ, ಇಲ್ಲವೇ ಒಂದು ಕಡೆ ಉದ್ದ ತೋಳಿದ್ದು ಅದರ ಮೇಲೆ ಗುಂಡು ಸರಿಸುವ ತೂಗುಕೋಲಿನಲ್ಲಿ. ಎರಡರಲ್ಲೂ ಭೂಮಿ ಎರಡು ಕಡೆಯನ್ನೂ ಒಂದೇ ಥರ ಎಳೆಯುತ್ತದೆ. ಬೆಟ್ಟದ ಮೇಲೆ ತೂಗಿದರೂ, ಚಂದ್ರನ ಮೇಲೆ ತೂಗಿದರೂ ಒಂದು ಲಿಬ್ರಾ ಮೆಣಸು ಒಂದು ಲಿಬ್ರಾ ಕಲ್ಲಿಗೆ ಸಮ. ಹಾಗಾಗಿ ಅವರು ಅಳೆದದ್ದು ದ್ರವ್ಯರಾಶಿಯನ್ನೇ, ಅದಕ್ಕೆ ಸರಿಯಾದ ಮಾನ ಕಿಲೋಗ್ರಾಂ. ಒಂದು ಲಿಬ್ರಾವನ್ನ ಕೈಯಲ್ಲಿ ಎತ್ತಿ ಹಿಡಿಯಲು ಬೇಕಾದ ಬಲ ಕೇಳಿದರೆ ಮಾತ್ರ 0.324ನ್ನು 9.8ರಿಂದ ಗುಣಿಸಿ ಸುಮಾರು 3.2 ನ್ಯೂಟನ್ ಅನ್ನಬೇಕು.

ಕಿಲೋಗ್ರಾಂ ಕೂಡ ಮೊನ್ನೆ ಮೊನ್ನೆವರೆಗೆ ರೋಮಿನ ದಾರಿಯಲ್ಲೇ ಇತ್ತು. ರೋಮನ್ನರು ಕ್ಯಾಪಿಟಲ್ ಬೆಟ್ಟದಲ್ಲಿ ಮೂಲ ಅಳತೆ ಇಟ್ಟ ಹಾಗೆ, 1889ರಿಂದ ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಪ್ಲಾಟಿನಂ-ಇರಿಡಿಯಂ ಉರುಳೆ ಒಂದನ್ನ ಬೀಗ ಹಾಕಿ ಇಟ್ಟಿದ್ದರು. ಇಡೀ ಜಗತ್ತಿನ ಕಿಲೋ ಅದೇ ಆಗಿತ್ತು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕದ ಮೇಲೆ ಕಿಲೋಗ್ರಾಂ ನಿಂತಿದೆ, ಈಗ ಯಾವ ವಸ್ತುವೂ ಬೇಕಿಲ್ಲ.

ಇನ್ನು ಸಿಲಿಕ್ವಾ. ಇದು ನಮಗೆಲ್ಲ ಗೊತ್ತಿದೆ, ಗೊತ್ತಿದೆ ಅಂತ ಗೊತ್ತಿಲ್ಲ ಅಷ್ಟೆ. ಸಿಲಿಕ್ವಾ ಅಂದ್ರೆ ಮೆಡಿಟರೇನಿಯನ್ ಕಡೆ ಬೆಳೆಯುವ ಕ್ಯಾರಬ್ ಮರದ ಕಾಯಿ. ಅದರ ಬೀಜವೇ ಅವರ ಸಣ್ಣ ತೂಕ, ಸುಮಾರು 0.19 ಗ್ರಾಂ. ಗ್ರೀಕರು ಅದನ್ನ ಕೆರಾಟಿಯಾನ್ ಅಂದರು, ಅರಬರು ಕೀರಾತ್ ಅಂದರು, ಯೂರೋಪಿಗೆ ಹೋಗಿ ಕ್ಯಾರೆಟ್ ಆಯಿತು. ಒಂದು ಲಿಬ್ರಾಕ್ಕೆ 1,728 ಸಿಲಿಕ್ವಾ, 72 ಸಾಲಿಡಸ್. ಭಾಗಿಸಿ ನೋಡಿ: ಒಂದು ಸಾಲಿಡಸ್‌ಗೆ 24 ಸಿಲಿಕ್ವಾ. ಅಪ್ಪಟ ಚಿನ್ನಕ್ಕೆ 24 ಕ್ಯಾರೆಟ್ ಅಂತ ಹೇಳೋದರ ಬೇರು ಇಲ್ಲಿದೆ. ಮದುವೆಗೆ ಸರ ತಗೊಳ್ಳುವಾಗ 22 ಕ್ಯಾರೆಟ್ ಅಂತ ಅಂಗಡಿಯವರು ಹೇಳುವಾಗಲೆಲ್ಲ ಕಾನ್‌ಸ್ಟಂಟೈನ್‌ನ ನಾಣ್ಯದ ಲೆಕ್ಕ ಮಾತಾಡುತ್ತಿರುತ್ತದೆ. ವಜ್ರ ತೂಗುವ ಕ್ಯಾರೆಟ್ ಅನ್ನ 1907ರಲ್ಲಿ 0.2 ಗ್ರಾಂ ಅಂತ ದುಂಡು ಮಾಡಿದರು, ಬೀಜದಿಂದ ಅಷ್ಟೇನೂ ದೂರ ಹೋಗಿಲ್ಲ.

ಕ್ಯಾರಬ್ ಬೀಜ ಎಲ್ಲವೂ ಒಂದೇ ತೂಕ ಇರುತ್ತದೆ ಅಂತ ಒಂದು ಮಾತಿದೆ. ಅಳೆದು ನೋಡಿದವರು ಹಾಗೇನಿಲ್ಲ, ಬೇರೆ ಬೀಜಗಳ ಹಾಗೇ ಅದರಲ್ಲೂ ಸಣ್ಣದು ದೊಡ್ಡದು ಇದೆ ಅಂತ 2006ರಲ್ಲಿ ತೋರಿಸಿದ್ದಾರೆ. ನನ್ನ ಹತ್ತಿರ ಕ್ಯಾರಬ್ ಇಲ್ಲ, ಗುಲಗಂಜಿ ಇದೆ. ನಮ್ಮ ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಕೆಂಪು ಬೀಜ, ತಲೆಯಲ್ಲಿ ಕಪ್ಪು ಚುಕ್ಕೆ. ತೊಲದ ಲೆಕ್ಕದಲ್ಲಿ 96 ಗುಲಗಂಜಿಗೆ ಒಂದು ತೊಲ, ಅಂದ್ರೆ ಒಂದಕ್ಕೆ ಸುಮಾರು 0.12 ಗ್ರಾಂ. ಅಮ್ಮನ ಡಬ್ಬಿಯಲ್ಲಿದ್ದ ಬೀಜಗಳನ್ನ ಒಂದೊಂದೇ ಸಣ್ಣ ಡಿಜಿಟಲ್ ತಕ್ಕಡಿ ಮೇಲೆ ಇಟ್ಟೆ. ಒಂದು 0.10 ತೋರಿಸಿತು, ಮುಂದಿನದು 0.13. ಅಮ್ಮ ಪಕ್ಕದಲ್ಲಿ ನಿಂತು ನೋಡಿದರು. "ಹಾಗೆ ಸಿಕ್ಕಿದ್ದೆಲ್ಲ ಹಾಕ್ತಿರಲಿಲ್ಲ ಕಣೋ, ಒಂದೇ ಸಮ ಇರೋದನ್ನ ಆರಿಸಿ ಇಟ್ಕೊಳ್ತಿದ್ರು" ಅಂದರು. ನಾಲ್ಕು ಬೆರಳಲ್ಲಿ ಬೀಜ ಹರಡಿ, ಸೊಟ್ಟಗಿರುವುದನ್ನ, ತೀರಾ ಸಣ್ಣದನ್ನ ಆಚೆ ತಳ್ಳಿ, ಹತ್ತು ಆರಿಸಿ ಕೊಟ್ಟರು. ಹತ್ತೂ ಸೇರಿ 1.21 ಗ್ರಾಂ ತೂಗಿತು. ನಾನು ಸುಮ್ನೆ ಅವರ ಬೆರಳುಗಳನ್ನೇ ನೋಡುತ್ತಾ ಕೂತೆ.

ಇಲ್ಲಿಂದ ಮತ್ತೆ ಮೆಣಸಿಗೆ ಬರುತ್ತೇನೆ. ಪ್ಲಿನಿ ಅನ್ನೋ ರೋಮನ್ ಲೇಖಕ ಕ್ರಿ.ಶ. 70ರ ದಶಕದಲ್ಲಿ ರೋಮಿನ ಬೆಲೆ ಕೊಟ್ಟಿದ್ದಾನೆ: ಪೌಂಡಿಗೆ ಹಿಪ್ಪಲಿ 15 ಡಿನೇರಿಯಸ್, ಬಿಳಿ ಮೆಣಸು 7, ಕರಿಮೆಣಸು 4. ನೀರೋ ನಂತರದ ಕಾಲ, 96ಕ್ಕೆ ಒಂದು ಪೌಂಡ್. ಹಾಗಾದರೆ 4 ಡಿನೇರಿಯಸ್ ಅಂದ್ರೆ ಪೌಂಡಿನ 24ನೇ ಒಂದು ಪಾಲು. ಒಂದು ತೂಕ ಬೆಳ್ಳಿ ನಾಣ್ಯಕ್ಕೆ 24 ತೂಕ ಮೆಣಸು. ಈ ಉತ್ತರ ನೋಡಿ ನನಗೆ ರೋಮಾಂಚನ ಆಯಿತು, ಯಾಕಂದ್ರೆ ಇದರಲ್ಲಿ ಗ್ರಾಂ ಇಲ್ಲವೇ ಇಲ್ಲ. ಪೌಂಡ್ 322 ಇರಲಿ, 329 ಇರಲಿ, 24 ಹಾಗೇ ಇರುತ್ತದೆ. ಹಳೆಯ ಭಾರದ ನಾಣ್ಯ ಕೊಟ್ಟಿದ್ದರೆ 21 ತೂಕ ಮೆಣಸು. ಭಾರತದಲ್ಲಿ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ನೀರೋಗಿಂತ ಹಿಂದಿನ ಅಗಸ್ಟಸ್, ಟೈಬೀರಿಯಸ್ ಕಾಲದವೇ ಜಾಸ್ತಿ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ, 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಒಂದು ರಾಶಿಯೇ ಸಿಕ್ಕಿತು. ಇಲ್ಲಿಯವರು ನಾಣ್ಯದ ಮೇಲಿನ ಮುಖ ನೋಡಿ ತಗೊಳ್ಳುತ್ತಿರಲಿಲ್ಲ, ತೂಗಿ ತಗೊಳ್ಳುತ್ತಿದ್ದರು ಅಂತ ನನ್ನ ಗಟ್ಟಿ ನಂಬಿಕೆ.

ಲೇಖನಕ್ಕೆ ತಿದ್ದುಪಡಿ ಕಳಿಸಿದೆ, ಮುಂದಿನ ಸಂಚಿಕೆಯಲ್ಲಿ ಹಾಕಿದರು. ಆಮೇಲೆ ಶಿರಸಿಗೆ ಫೋನ್ ಮಾಡಿದೆ. ಅಲಾರಿಕ್‌ನ 3,000 ಪೌಂಡ್ 324ರ ಲೆಕ್ಕದಲ್ಲಿ 972 ಕಿಲೋ, 327.45ರ ಲೆಕ್ಕದಲ್ಲಿ 982, ಕೊನೆಗಾಲದ ಹಗುರ ನಾಣ್ಯಗಳ ಲೆಕ್ಕದಲ್ಲಿ 965 ಹತ್ತಿರ ಅಂತ ಎಲ್ಲ ವಿವರಿಸಿದೆ. ಅವನು ಪೂರ್ತಿ ಕೇಳಿದ.

"ಅಂದ್ರೆ ಇಪ್ಪತ್ತು ಚೀಲ ಅಣ್ಣಾ, ಕೊನೆ ಚೀಲ ಪೂರ್ತಿ ತುಂಬಲ್ಲ. ಯಾವ ಲೆಕ್ಕ ಹಿಡಿದ್ರೂ ಅಷ್ಟೇ ಆಯ್ತಲ್ಲ."

ಮತ್ತೊಮ್ಮೆ ಮೂರನ್ನೂ ಐವತ್ತರಿಂದ ಭಾಗಿಸಿ ನೋಡಿದೆ. ಹೌದು, ಅಷ್ಟೇ.